ಅಮಾವಾಸ್ಯೆಯ ಮಾರನೇ ದಿನ ಏಳದ ಕಾರು

ಶಿವರಾತ್ರಿ ಅಮಾವಾಸ್ಯೆಯ ಮಾರನೇ ದಿನ ಬೆಳಿಗ್ಗೆ ಮೊಳಕಾಲ್ಮೂರಿನಲ್ಲಿ ನಮ್ಮ ಅಕ್ಕನ ಮನೆಯ ಮುಂದೆ ಐದು ಜನ ಸೇರಿದ್ದೆವು. ಅಕ್ಕ ಕಾರಿನೊಳಗೆ ಸ್ಟೇರಿಂಗ್ ಮುಂದೆ ಕೂತಿದ್ದಳು. ಅವಳ ಅತ್ತೆ ಜಗಲಿಯ ಮೇಲೆ ಕಾಲು ಚಾಚಿ, ಎಲೆಅಡಿಕೆ ಚೀಲವನ್ನು ಮಡಿಲಿಗೆ ಹಾಕಿಕೊಂಡಿದ್ದರು. ಅಕ್ಕನ ಮೈದುನ ಬಾನೆಟ್ಟಿಗೆ ಸೊಂಟ ಆನಿಸಿ ನಿಂತಿದ್ದ. ಹಿಂದಿನ ದಿನವೇ ದಾವಣಗೆರೆಯಿಂದ ಬಂದಿದ್ದ ಅಕ್ಕನ ಮಗ ಬೇವಿನ ಮರದ ಬುಡದಲ್ಲಿ ಕೂತು ಫೋನು ನೋಡುತ್ತಿದ್ದ. ನಾನು ಚಳ್ಳಕೆರೆಯಿಂದ ಮೊದಲ ಬಸ್ಸಿಗೆ ಹೊರಟು ಆಗ ತಾನೇ ಬಂದು, ಕೊಟ್ಟ ಕಾಫಿ ಲೋಟ ಕೈಯಲ್ಲಿ ಹಿಡಿದು ನಿಂತಿದ್ದೆ. ಕಾರಿನ ಹಿಂದಿನ ಸೀಟಿನಲ್ಲಿ ರೇಷ್ಮೆ ಹುರಿಯ ಗಂಟುಗಳು ಹಳೇ ಪಂಚೆಯಲ್ಲಿ ಸುತ್ತಿಕೊಂಡು ಪ್ರಯಾಣಕ್ಕೆ ತಯಾರಾಗಿದ್ದವು.

ಅವತ್ತು ತೀರ್ಮಾನ ಆಗಬೇಕಾಗಿದ್ದ ವಿಷಯ ಒಂದೇ. ಕಾರು ಎದ್ದರೆ ಕೀಲಿ ಅಕ್ಕನ ಹತ್ತಿರ ಉಳಿಯುತ್ತದೆ, ಹಳ್ಳಿ ಸುತ್ತಿ ನೇಕಾರರಿಗೆ ಹುರಿ ಕೊಟ್ಟು ಸೀರೆ ತರುವ ಕೆಲಸವೂ ಅವಳದ್ದೇ. ಏಳದಿದ್ದರೆ ಕಾರನ್ನು ಮಗ ದಾವಣಗೆರೆಗೆ ಒಯ್ಯುತ್ತಾನೆ, ಹಳ್ಳಿಯ ಸುತ್ತು ಮೈದುನನ ಪಾಲಾಗುತ್ತದೆ, ಅಕ್ಕ ಮನೆಯಲ್ಲಿರುತ್ತಾಳೆ. ಹೀಗೆಂದು ಎಲ್ಲರೂ ಒಪ್ಪಿ ಒಂದು ತಿಂಗಳಾಗಿತ್ತು. ಅಕ್ಕ ಕೂಡ ಒಪ್ಪಿದ್ದಳು.

ಆ ಕೆಲಸ ಏನೆಂದು ಹೇಳಿಬಿಡುತ್ತೇನೆ. ನೇಕಾರರ ಮನೆಗಳಿಗೆ ಭಾನುವಾರ ರಜೆ ಅನ್ನುವುದಿಲ್ಲ, ಅಮಾವಾಸ್ಯೆ ರಜೆ. ಅವತ್ತು ಮಗ್ಗ ಮುಟ್ಟುವುದಿಲ್ಲ. ಮಗ್ಗವನ್ನು ಒರೆಸಿ, ಅರಿಶಿನ ಕುಂಕುಮ ಇಟ್ಟು, ಊದುಬತ್ತಿ ಬೆಳಗಿ ಸುಮ್ಮನೆ ಬಿಡುತ್ತಾರೆ. ಮಾರನೇ ದಿನದಿಂದ ಹೊಸ ಲೆಕ್ಕ. ಅಕ್ಕ ಆ ಮಾರನೇ ದಿನ ಹೊರಡುತ್ತಾಳೆ. ಮೂರು ನಾಲ್ಕು ದಿನ ಸುತ್ತಿನ ಹಳ್ಳಿಗಳಿಗೆ ಹೋಗಿ, ಕುಳಿಮಗ್ಗದ ಪಕ್ಕ ನೆಲದ ಮೇಲೆ ಕೂತು, ಹೆಂಗಸರ ಕಷ್ಟಸುಖ ಕೇಳಿ, ನೇಯ್ದ ಸೀರೆ ತಗೊಂಡು, ಮುಂದಿನ ತಿಂಗಳ ಹುರಿ ಕೊಟ್ಟು ಬರುತ್ತಾಳೆ. ಕೊನೆಗೆ ಚಳ್ಳಕೆರೆಯ ಅಂಗಡಿಯೊಂದಕ್ಕೆ ಸೀರೆ ಮುಟ್ಟಿಸುತ್ತಾಳೆ. ಅಲ್ಲಿಗೆ ಆ ತಿಂಗಳ ಓಡಾಟ ಮುಗಿಯಿತು. ಊರೊಳಗಿನ ಓಣಿಗಳಿಗೆ ಕಾರು ಹಿಡಿಸುವುದಿಲ್ಲ, ಅವಳು ಅಲ್ಲೆಲ್ಲ ನಡೆದೇ ಹೋಗುತ್ತಾಳೆ. ಕಾರು ಮುಂದಿನ ಅಮಾವಾಸ್ಯೆಯವರೆಗೆ ಬೇವಿನ ಮರದ ಕೆಳಗೆ ನಿಂತಿರುತ್ತದೆ.

ಮೊದಲು ಈ ಸುತ್ತು ಭಾವನದಾಗಿತ್ತು. ಭಾವ ತೀರಿಹೋದ ಮೇಲೆ ಮೈದುನ ಮಾಡುತ್ತಾನೆ ಎಂದೇ ಎಲ್ಲರೂ ಅಂದುಕೊಂಡಿದ್ದರು. ಅವನು ಮನೆಯ ಮುಂಭಾಗದಲ್ಲೇ ಹುರಿ ತೂಗಿ ಕೊಡುವ ಅಂಗಡಿ ನೋಡಿಕೊಳ್ಳುತ್ತಿದ್ದ. ಆದರೆ ಅಕ್ಕ ವರ್ಷ ಕಳೆಯುತ್ತಲೇ ಚಳ್ಳಕೆರೆಗೆ ನಮ್ಮ ಮನೆಗೆ ಬಂದು ಕೂತಳು. "ಇಲ್ಲೇ ಇದ್ದು ಡ್ರೈವಿಂಗ್ ಕಲ್ತು ಹೋಗ್ತೀನಿ. ಅಲ್ಲಿ ಕಲಿಯೋಕೆ ಹೋದ್ರೆ ಜನ ಮಗ್ಗ ಬಿಟ್ಟು ನೋಡೋಕೆ ಬರ್ತಾರೆ," ಅಂದಳು. ಐವತ್ತು ದಾಟಿದ ಹೆಂಗಸು ದಿನಾ ಬೆಳಿಗ್ಗೆ ಎಣ್ಣೆ ಮಿಲ್ಲಿನ ಹಿಂದಿನ ಖಾಲಿ ರಸ್ತೆಯಲ್ಲಿ ಸ್ಟೇರಿಂಗನ್ನು ಒನಕೆ ಹಿಡಿದ ಹಾಗೆ ಬಿಗಿಯಾಗಿ ಹಿಡಿದು ಕಲಿತಳು. ಲೈಸೆನ್ಸ್ ಬಂದ ದಿನ ನಮಗೆಲ್ಲ ಖಾರದ ಮಂಡಕ್ಕಿ ಕಲಸಿ ಕೊಟ್ಟಳೇ ಹೊರತು ಬೇರೆ ಸಂಭ್ರಮ ಏನೂ ಮಾಡಲಿಲ್ಲ.

ತೊಂದರೆ ಶುರುವಾದದ್ದು ದೀಪಾವಳಿಗೆ. ಹಬ್ಬಕ್ಕೆ ಬಂದ ಮಗ, ಕಾರಿಗೆ ಪೂಜೆ ಮುಗಿಯುತ್ತಿದ್ದಂತೆ, ಜೇಬಿನಿಂದ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಕಪ್ಪು ಡಬ್ಬಿ ತೆಗೆದ. ಸ್ಟೇರಿಂಗಿನ ಕೆಳಗೆ, ಮೆಕ್ಯಾನಿಕ್ಕುಗಳು ಕಾರಿನ ಕಾಯಿಲೆ ನೋಡಲು ಮೆಷಿನ್ ಚುಚ್ಚುವ ಒಂದು ತೂತಿರುತ್ತದೆ. ಡಬ್ಬಿಯನ್ನು ಅಲ್ಲಿಗೆ ಒತ್ತಿದ. ಅದರಲ್ಲಿ ನೀಲಿ ಚುಕ್ಕೆಯೊಂದು ಹತ್ತಿಕೊಂಡಿತು. ಡಬ್ಬಿಯೊಳಗೆ ಅದರದೇ ಸಿಮ್ಮು ಇತ್ತು. ಎಂಜಿನ್ ಎಷ್ಟು ಬಿಸಿ, ಗಾಡಿ ಎಲ್ಲಿದೆ, ಬ್ಯಾಟರಿ ಎಷ್ಟಿದೆ, ಎಲ್ಲವನ್ನೂ ಅದು ದಾವಣಗೆರೆಯಲ್ಲಿರುವ ಮಗನ ಫೋನಿಗೆ ತಿಳಿಸುತ್ತದಂತೆ.

"ಏಮಿರಾ ಅದಿ?" ಎಂದರು ಅಜ್ಜಿ. ಅಕ್ಕನ ಅತ್ತೆ ರಾಯದುರ್ಗದ ಕಡೆಯವರು. ಈ ಊರಿಗೆ ಸೊಸೆಯಾಗಿ ಬಂದು ಅರವತ್ತು ವರ್ಷ ಆದರೂ ಆಶ್ಚರ್ಯ ಆದಾಗ ತೆಲುಗೇ ಬರುತ್ತದೆ.

"ಗಾಡಿ ಕಾಯೋದು ಅಜ್ಜಿ. ಇದು ಒಳಗಿದ್ರೆ ಅವ್ವ ಎಲ್ಲಿದ್ರೂ ನಂಗೆ ಗೊತ್ತಾಗ್ತೈತೆ," ಎಂದ ಮೊಮ್ಮಗ.

ಅಜ್ಜಿ ಎರಡೂ ಕೈ ಎತ್ತಿ ಡಬ್ಬಿ ಇದ್ದ ದಿಕ್ಕಿಗೆ ಮುಗಿದರು. ನಾವು ನಕ್ಕೆವು.

ಕಾರ್ತೀಕದ ಅಮಾವಾಸ್ಯೆ ಕಳೆದ ಮಾರನೇ ದಿನ ಅಕ್ಕ ಕೀಲಿ ತಿರುಗಿಸಿದರೆ ಕಾರು ಟಕ್ ಟಕ್ ಎಂದು ಸುಮ್ಮನಾಯಿತು. ಎದುರು ಮನೆಯ ಟ್ರ್ಯಾಕ್ಟರ್ ತಂದು, ಅದರ ಬ್ಯಾಟರಿಯಿಂದ ವೈರ್ ಕೊಟ್ಟು ಎಬ್ಬಿಸಿದರು. ಸಂಜೆ ಮಗನ ಫೋನು ಬಂತು.

"ಅವ್ವ, ನಿನ್ನೆ ಗಾಡಿಗೆ ಪೂಜೆ ಮಾಡುವಾಗ ನೀನು ಹೆಡ್‌ಲೈಟ್ ಹಾಕಿ ಬಿಟ್ಟಿದ್ದೆ ಅಲ್ವಾ?"

"ಮಂಗಳಾರತಿ ಮಾಡೋವಷ್ಟು ಹೊತ್ತು ಹಾಕಿದ್ದೆ ಕಣಪ್ಪ. ಆಮೇಲೆ ಆರಿಸ್ದೆ."

"ಮರ್ತಿರ್ತೀಯ ಬಿಡು."

ಮುಂದಿನ ಅಮಾವಾಸ್ಯೆಗೆ ಅಕ್ಕ ಲೈಟು ಹಾಕದೇ, ಬರೀ ಊದುಬತ್ತಿ ಬೆಳಗಿದಳು. ಮಾರನೇ ದಿನ ನನ್ನ ಎದುರಿಗೇ ಮತ್ತೆ ಟಕ್ ಟಕ್. ಈಗ ತಪ್ಪು ಅಜ್ಜಿಯ ಮೇಲೆ ಬಿತ್ತು. ಮಧ್ಯಾಹ್ನದ ಹೊತ್ತು ಬೇವಿನ ನೆರಳು ಡ್ರೈವರ್ ಸೀಟಿನ ಕಡೆಗೆ ಬೀಳುತ್ತದೆ. ಆ ಮನೆಯಲ್ಲಿ ಅದಕ್ಕಿಂತ ಮೆತ್ತಗಿನ ಕುರ್ಚಿ ಬೇರೆ ಇಲ್ಲ. ಅಜ್ಜಿ ದಿನಾ ಊಟವಾದ ಮೇಲೆ ಕಾರಿನ ಬಾಗಿಲು ತೆಗೆದು, ಸ್ಟೇರಿಂಗ್ ಮುಂದೆ ಕೂತು ಶೇಂಗಾ ಸುಲಿಯುತ್ತಾರೆ, ಹೋಗಿಬರುವವರನ್ನು ಮಾತಾಡಿಸುತ್ತಾರೆ. ಬಾಗಿಲು ತೆಗೆದರೆ ಒಳಗಿನ ದೀಪ ಹತ್ತುತ್ತದೆ, ಅದೇ ಬ್ಯಾಟರಿ ತಿನ್ನುತ್ತಿದೆ ಎಂದು ಮೈದುನ ಕಂಡುಹಿಡಿದ.

"ಭಾವ ಇದ್ದಾಗಲೂ ಅತ್ತೆ ಅಲ್ಲೇ ಕೂರ್ತಿದ್ರಲ್ಲ," ಎಂದಳು ಅಕ್ಕ ನನ್ನ ಕಡೆ ನೋಡಿ. ತನ್ನ ಗಂಡನನ್ನು ಅವಳು ನನ್ನ ಮುಂದೆ 'ನಿಮ್ ಭಾವ' ಎನ್ನದೆ ಬರೀ 'ಭಾವ' ಅನ್ನುತ್ತಾಳೆ. "ಆ ದೀಪದ ಗುಂಡಿ ಅವತ್ತೇ ಆಫ್ ಮಾಡಿಟ್ಟೋರು ಅವರೇ. ನೋಡ್ರಿ ಬೇಕಾದ್ರೆ."

ನೋಡಿದರೆ ನಿಜ. ದೀಪ ಹತ್ತುತ್ತಲೇ ಇರಲಿಲ್ಲ.

ಹಾಗಾದರೆ ಬ್ಯಾಟರಿಗೇ ವಯಸ್ಸಾಗಿದೆ ಎಂದು ಆ ಸುತ್ತಿನಲ್ಲಿ ಚಳ್ಳಕೆರೆಗೆ ಬಂದಾಗ ನಾನೇ ಬ್ಯಾಟರಿ ಅಂಗಡಿಗೆ ಕರೆದೊಯ್ದೆ. ಅಂಗಡಿಯವನು ಬ್ಯಾಟರಿಯ ನೆತ್ತಿಯ ಮೇಲೆ ಎರಡು ಸಲ ತಟ್ಟಿ, "ಅರೆ ಸಾಬ್, ಇದು ಖಲಾಸ್. ಇದರಾಗೆ ದಮ್ಮೇ ಇಲ್ಲ," ಎಂದು ಹೊಸದನ್ನು ಕೂರಿಸಿ ಕಳಿಸಿದ. ಹಳೆಯದಕ್ಕೆ ವಯಸ್ಸಾಗಿದ್ದದ್ದು ಸುಳ್ಳಲ್ಲ. ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಪುಷ್ಯದ ಅಮಾವಾಸ್ಯೆಯ ಮಾರನೇ ದಿನ ಹೊಸ ಬ್ಯಾಟರಿಯೂ ಮಲಗಿಬಿಟ್ಟಿತು.

ನನ್ನನ್ನೂ ಭಾವ ಎಂದೇ ಕರೆಯುವ ಮೈದುನ ಆಗ ತನ್ನ ಮನಸ್ಸಿನಲ್ಲಿದ್ದದ್ದನ್ನು ನನಗೆ ಹೇಳಿದ. "ಭಾವ, ನಾನು ಮೂಢನಂಬಿಕೆ ಮನುಷ್ಯ ಅಲ್ಲ. ಆದ್ರೆ ನೀವೇ ನೋಡಿ. ಹುಣ್ಣಿಮೆ ದಿನ ಯಾವತ್ತಾದ್ರೂ ಕೆಟ್ಟೈತಾ? ಬರೀ ಅಮಾವಾಸ್ಯೆ ಆದ ಮಾರನೇ ದಿನ. ಅಣ್ಣನ ಗಾಡಿ ಅದು. ಅಣ್ಣಂಗೆ ಅತ್ತಿಗೆ ಓಡಿಸೋದು ಇಷ್ಟ ಇಲ್ಲವೇನೋ."

ಅಕ್ಕ ಹೇಳಿದಳು: "ಇಷ್ಟ ಇಲ್ದಿದ್ರೆ ಹುಣ್ಣಿಮೆಗೂ ನಿಲ್ಲಿಸ್ತಿದ್ರು. ಅವರು ಯಾವತ್ತು ತಿಥಿ ನೋಡಿ ಸಿಟ್ಟು ಮಾಡ್ಕಂಡಿದ್ರಪ್ಪ?"

ಮೈದುನನ ಚಿಂತೆ ಸುಳ್ಳಾಗಿರಲಿಲ್ಲ. ಹುರಿ ಒಂದು ದಿನ ತಡವಾದರೆ ಅಷ್ಟು ಮಗ್ಗ ಒಂದು ದಿನ ಖಾಲಿ ಕೂರುತ್ತವೆ. ನೇಕಾರರಿಗೆ ಹುರಿ ಕೊಡುವವರು ನಾವೊಬ್ಬರೇ ಅಲ್ಲ. ಅತ್ತಿಗೆ ಯಾವುದೋ ಹಳ್ಳಿಯ ಹೊರಗೆ ನಿಂತುಹೋದ ಕಾರಿನಲ್ಲಿ ಸೀರೆ ಗಂಟು ಇಟ್ಟುಕೊಂಡು ಒಬ್ಬಳೇ ಕೂತರೆ ಎಂಬುದೂ ಅವನ ತಲೆಯಲ್ಲಿತ್ತು. ತಾನು ಬೈಕಿನಲ್ಲಿ ಹೋಗಿ ಬರುತ್ತೇನೆ, ಗಂಟು ಟೆಂಪೋಗೆ ಹಾಕುತ್ತೇನೆ, ಅತ್ತಿಗೆ ಮನೆಯಲ್ಲಿ ಹಾಯಾಗಿರಲಿ ಎನ್ನುತ್ತಿದ್ದ. 'ಹಾಯಾಗಿ' ಎಂಬ ಮಾತು ಬಂದಾಗಲೆಲ್ಲ ಅಕ್ಕ ಎದ್ದು ಒಳಗೆ ಹೋಗುತ್ತಿದ್ದಳು.

ಆ ಪುಷ್ಯದಲ್ಲೇ ಇನ್ನೊಂದು ಸಂಗತಿ ನಡೆದಿತ್ತು. ಅಮಾವಾಸ್ಯೆಯ ದಿನ ಅಕ್ಕ ಮಗ್ಗ ಒರೆಸುವ ಒದ್ದೆ ಬಟ್ಟೆಯಲ್ಲೇ ಕಾರಿನ ಒಳಗನ್ನೂ ಒರೆಸಿದ್ದಳು. ಚಳಿಗಾಲದ ಬೆಳಗು. ಸೀಟು, ಸ್ಟೇರಿಂಗ್, ಗೇರಿನ ಹಿಡಿ ಎಲ್ಲ ಕೊರೆಯುತ್ತಿದ್ದವು. ಕೈ ಸ್ಟೇರಿಂಗಿನ ಕೆಳಗೆ ಹೋದಾಗ ಆ ಡಬ್ಬಿ ಮಾತ್ರ, ಕೋಳಿ ಆಗ ತಾನೇ ಎದ್ದುಹೋದ ಮೊಟ್ಟೆಯ ಹಾಗೆ, ಬೆಚ್ಚಗಿತ್ತು. ಕಾರು ನಿಂತು ಮೂರು ವಾರ ಆಗಿತ್ತು.

ಅವಳು ನನಗೆ ಫೋನು ಮಾಡಿದಳು. "ತಮ್ಮ, ಒಂದು ಕೇಳ್ತೀನಿ, ನಗಬೇಡ. ಉಣ್ಣದೇ ಇರೋದು ಬೆಚ್ಚಗಿರ್ತೈತಾ?"

ನಾನು ನಗಲಿಲ್ಲ. ಮಾರನೇ ದಿನ ನಾನೂ ಅಲ್ಲಿಗೆ ಹೋಗಿದ್ದೆ. ಕಾರು ಏಳದಿದ್ದಾಗ ಅವಳು ಮಗನಿಗೆ ಫೋನು ಮಾಡಿ, ಡಬ್ಬಿಯೇ ಬ್ಯಾಟರಿ ತಿನ್ನುತ್ತಿದೆ ಎಂದಳು. ಮಗ ಫೋನಿನಲ್ಲೇ ನಕ್ಕ. ಸ್ಪೀಕರ್ ಹಾಕಿದ್ದರಿಂದ ನಾವೆಲ್ಲ ಕೇಳಿದೆವು.

"ಅವ್ವ, ಅದು ಇರುವೆ ತಿಂದಂಗೆ ತಿನ್ತೈತೆ. ನನ್ ಕಾರಿಗೂ ಅಂಥದ್ದೇ ಹಾಕೀನಿ, ಒಂದು ದಿನ ಕೆಟ್ಟಿಲ್ಲ. ಮೊಬೈಲ್ ಚಾರ್ಜರ್ ಗೋಡೆಗೆ ಹಾಕಿಟ್ರೆ ಮನೆ ಕರೆಂಟ್ ಖಾಲಿ ಆಗ್ತೈತಾ?"

"ಮನೆಗೆ ಕಂಬದಿಂದ ಬರ್ತೈತೆ. ಬೇವಿನ ಮರದ ಕೆಳಗೆ ನಿಂತಿರೋ ಗಾಡಿಗೆ ಯಾವ ಕಂಬ ಐತಪ್ಪ?"

ಅವನು ಬಾಯಿ ತೆಗೆಯುವ ಮೊದಲೇ ಅಕ್ಕ ಮುಂದುವರಿಸಿದಳು.

"ನಿನ್ ಕಾರು ದಿನಾ ಓಡ್ತೈತೆ. ಅದು ದಿನಾ ಉಣ್ತೈತೆ, ಇರುವೆ ಎಷ್ಟು ತಿಂದ್ರೂ ಗೊತ್ತಾಗಲ್ಲ. ಇದು ತಿಂಗಳಿಗೊಂದ್ ಸಲ ಉಣ್ಣೋದು."

ಮಗ ಒಪ್ಪಲಿಲ್ಲ, ಆದರೆ ವಾದವನ್ನೂ ಬೆಳೆಸಲಿಲ್ಲ. ಒಂದು ತಿಂಗಳು ಡಬ್ಬಿ ತೆಗೆದಿಟ್ಟು ನೋಡೋಣ, ಆಗಲೂ ಕಾರು ಏಳದಿದ್ದರೆ ಅವ್ವ ತಾನು ಹೇಳಿದ ಹಾಗೆ ಕೇಳಬೇಕು ಎಂದ. ಮೈದುನನೂ ಹೂಂ ಎಂದ. ಬ್ಯಾಟರಿಯನ್ನು ಬಿಚ್ಚಿ ಚೆನ್ನಾಗಿ ಚಾರ್ಜಿಗೆ ಹಾಕಿಸಿದೆವು. ಸುತ್ತು ಮುಗಿಸಿ ಬಂದ ದಿನ ಅಕ್ಕ ಡಬ್ಬಿಯನ್ನು ಕಿತ್ತು, ಮಗ ಹಬ್ಬದ ದಿನ ಕೊಟ್ಟದ್ದಲ್ಲವೇ ಎಂದು ದೇವರ ಗೂಡಿನಲ್ಲಿ, ಕುಂಕುಮದ ಭರಣಿಯ ಪಕ್ಕ ಇಟ್ಟಳು. ಹೀಗೆ ಮಾಘ ಕಳೆಯಿತು. ನಾನು ಮೊದಲು ಹೇಳಿದ ಆ ಬೆಳಗು ಬಂತು.

ಮೈದುನ ಬಾನೆಟ್ಟಿನಿಂದ ಎದ್ದು ಪಕ್ಕಕ್ಕೆ ಸರಿದ. "ಹಾಂ, ತಿರುಗಿಸ್ರಿ ಅತ್ತಿಗೆ. ಟ್ರ್ಯಾಕ್ಟರ್ನೋನಿಗೆ ಹೇಳಿಟ್ಟೀನಿ, ಹೊಲಕ್ಕೆ ಹೋಗಬೇಡ ಇರು ಅಂತ."

"ನಂಬಿಕೆ ಅಂದ್ರೆ ಹಿಂಗಿರ್ಬೇಕು," ಎಂದೆ ನಾನು.

ಮಗ ಫೋನಿನಿಂದ ತಲೆ ಎತ್ತಲಿಲ್ಲ. "ಇವತ್ತೂ ಏಳಲ್ಲ ಬಿಡವ್ವ. ಸುಮ್ನೆ ಯಾಕೆ."

ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂದು ಗಳಿಗೆ ಕಣ್ಣುಮುಚ್ಚಿ, ಕೀಲಿ ತಿರುಗಿಸಿದಳು. ಟಕ್ ಎಂದಿತು. ಮುಂದಿನ ಪುಟ್ಟ ದೀಪಗಳು ಮಂಕಾದವು. ಇನ್ನೊಂದು ಸಲ ತಿರುಗಿಸಿದಳು. ಟಕ್ ಟಕ್. ಮೂರನೇ ಸಲ ತಿರುಗಿಸಲಿಲ್ಲ. ಕೈಯನ್ನು ಮಡಿಲಿಗೆ ಇಟ್ಟುಕೊಂಡಳು.

ಮೈದುನನಿಗೆ ಖುಷಿ ಆಗಿರಲಿಲ್ಲ, ಅದು ಅವನ ಮುಖದಲ್ಲೇ ಕಾಣುತ್ತಿತ್ತು. ಆದರೂ ಕಿಟಕಿಯ ಹತ್ತಿರ ಹೋಗಿ ಕೈ ಚಾಚಿದ. "ಇರಲಿ ಅತ್ತಿಗೆ. ಕೊಡ್ರಿ ಕೀಲಿ, ಹುಡುಗಂಗೆ ಕೊಡ್ತೀನಿ. ನಾನು ಬೈಕಿನಾಗೆ ಹೋಗಿ ಊಟದ ಹೊತ್ತಿಗೆ ಎರಡು ಊರು ಮುಗಿಸಿ ಬರ್ತೀನಿ."

ಅಕ್ಕ ಕೀಲಿ ಕಿತ್ತು ಅವನ ಕೈಗೆ ಇಡುತ್ತಿದ್ದಳು. ಕಾಫಿ ಲೋಟದ ತಳದಲ್ಲಿದ್ದ ಸಕ್ಕರೆಯನ್ನು ಅಲ್ಲಾಡಿಸುತ್ತಿದ್ದ ನನಗೆ ಆಗ ಒಂದು ಮಾತು ಚುಚ್ಚಿತು.

"ಲೇ," ಎಂದೆ ಅಳಿಯನ ಕಡೆ ತಿರುಗಿ, "ಅವ್ವ ಕೀಲಿ ತಿರುಗಿಸೋಕೆ ಮುಂಚೆನೇ ಏಳಲ್ಲ ಅಂದ್ಯಲ್ಲ. ನಿಂಗೆ ಹೆಂಗೆ ಗೊತ್ತಾತು?"

"ಫೋನ್ನಾಗೆ ಬಂದಿತ್ತು ಮಾವ. ಬ್ಯಾಟರಿ ಇಳಿದೈತೆ ಅಂತ ಮೊನ್ನೆನೇ ಮೆಸೇಜು ಬಂತು. ಅದಕ್ಕೇ ಅಲ್ವಾ ದಾವಣಗೆರೆನಾಗೆ ನನ್ ಅಂಗಡಿ ಬಿಟ್ಟು ಬಂದಿದ್ದು."

"ಯಾರು ಕಳಿಸಿದ್ರು ಮೆಸೇಜು?"

"ಗಾಡಿಯಿಂದ..." ಎಂದವನು ಅಲ್ಲೇ ನಿಂತ.

"ಗಾಡಿಗೆ ಬಾಯಿಲ್ಲ ಕಣ್ಲೇ. ಬಾಯಿ ತೆಗೆದು ದೇವರ ಗೂಡಿನಾಗೆ ಇಟ್ಟು ತಿಂಗಳಾತು."

ಅವನು ಫೋನನ್ನೂ ಕಾರನ್ನೂ ಬದಲಾಯಿಸಿ ಬದಲಾಯಿಸಿ ನೋಡಿದ. "ಮೊದಲು ಒಂದು ವಾರ ಏನೂ ಬರ್ಲಿಲ್ಲ. ಆಮೇಲೆ ಬರೋಕೆ ಹತ್ತಿತು. ಅವ್ವನೇ ಒಬ್ಬಳೇ ಇರೋಕೆ ಹೆದರಿ ಮತ್ತೆ ಹಾಕ್ಕಂಡಿರ್ಬೇಕು ಅನ್ಕಂಡೆ. ಕೇಳಿದ್ರೆ ನೊಂದ್ಕತಾಳೆ ಅಂತ ಸುಮ್ನಿದ್ದೆ."

"ನಾನ್ಯಾಕೆ ಹೆದರ್ಲಿ?" ಎಂದಳು ಅಕ್ಕ. ಹಾಗೆನ್ನುತ್ತಲೇ ಬಗ್ಗಿ ಸ್ಟೇರಿಂಗಿನ ಕೆಳಗೆ ಕೈ ಹಾಕಿದಳು. ಕೈ ಅಲ್ಲೇ ನಿಂತಿತು. "ಅಯ್ಯೋ, ಇಲ್ಲೇ ಐತಲ್ಲೋ. ಬೆಚ್ಚಗೈತೆ."

ನಾವೆಲ್ಲ ಬಗ್ಗಿ ನೋಡಿದೆವು. ನೀಲಿ ಚುಕ್ಕೆ ತನ್ನ ಪಾಡಿಗೆ ಉರಿಯುತ್ತಿತ್ತು. ಮೈದುನ ಮಗನನ್ನು ನೋಡಿದ, ಮಗ ಮೈದುನನನ್ನು ನೋಡಿದ. ಅನುಮಾನ ಒಂದು ಸುತ್ತು ತಿರುಗುವಷ್ಟರಲ್ಲಿ ಜಗಲಿಯಿಂದ ಅಜ್ಜಿ ಎಲೆಗೆ ಸುಣ್ಣ ಸವರುತ್ತಾ, ತಲೆ ಎತ್ತದೆ ಹೇಳಿದರು:

"ನಾನೇ ಹಾಕಿದ್ದು."

"ಅಜ್ಜೀ!" ಎಂದ ಮೊಮ್ಮಗ.

"ಏನ್ಲೇ ಅಜ್ಜಿ? ದೀಪಾವಳಿ ದಿನ ಪೂಜೆ ಮಾಡಿ ಕಟ್ಟಿದ ರಕ್ಷೆ ಅದು. ವರ್ಷ ತುಂಬೋಕೆ ಮುಂಚೆ ಬಿಚ್ತಾರಾ ಯಾರಾದ್ರೂ? ಗಾಡಿ ಕಾಯೋದು ಅಂತ ನೀನೇ ಹೇಳ್ದೆ. ಅದನ್ನ ತಗಂಡೋಗಿ ದೇವರ ಗೂಡಿನಾಗೆ ಇಟ್ಟಾಳೆ. ದೇವರಿಗ್ಯಾಕೆ ಕಾವಲು? ಇವಳು ಊರೂರು ಸುತ್ತೋಳು. ಇವಳಿಗೆ ಬೇಕು."

"ನಿಮಗೆ ಹಾಕೋಕೆ ಹೆಂಗೆ ಬಂತು ಅತ್ತೆ?" ಅಕ್ಕನಿಗೆ ನಗುವೋ ಅಳುವೋ ತಿಳಿಯದ ಸ್ಥಿತಿ.

"ದಿನಾ ಅಲ್ಲೇ ಕೂತು ಶೇಂಗಾ ಸುಲೀತೀನಿ. ತೂತು ಎಲ್ಲೈತೆ ಅಂತ ನಂಗೆ ಗೊತ್ತಿಲ್ವಾ? ಒಂದು ಸಲ ಹೋಗ್ಲಿಲ್ಲ, ತಿರುವಿ ಹಾಕ್ದೆ, ಹೋತು."

ಮೈದುನ ಜಗಲಿಯ ಅಂಚಿಗೆ ಕೂತುಬಿಟ್ಟ. ಅವನಿಗೆ ನಗು ತಡೆಯಲಾಗಲಿಲ್ಲ. "ಅವ್ವ, ನಮ್ಮಣ್ಣನ ಮ್ಯಾಲೆ ಹಾಕ್ತಿದ್ದೆ ನಾನು ತಪ್ಪನ್ನ. ನೀನು ಮೊದಲೇ ಹೇಳಬಾರ್ದಾಗಿತ್ತಾ?"

"ಯಾರು ಕೇಳಿದ್ರು? ನನ್ನ ಕೇಳಿದ್ದು ದೀಪದ ಗುಂಡಿ. ಗುಂಡಿ ನಾನು ಮುಟ್ಟಿಲ್ಲ."

ನನಗೆ ಅಲ್ಲಿಗೆ ಎಲ್ಲ ಮುಗಿಯಿತು ಅನ್ನಿಸಿತು. ಡಬ್ಬಿ ಇತ್ತು, ಕಾರು ಮಲಗಿತು, ಇನ್ನೇನು ಬೇಕು ಎಂದು ಹೇಳಿಯೂಬಿಟ್ಟೆ. ಮೈದುನ ತಲೆಯಾಡಿಸಿದ. ಒಪ್ಪಿಕೊಳ್ಳಲು ಅವನಿಗೂ ಮನಸ್ಸಿತ್ತು, ಆದರೆ ಹುರಿ ತೂಗುವವನು, ತಕ್ಕಡಿಯ ಮುಳ್ಳು ನಿಲ್ಲುವವರೆಗೆ ಮಾತಾಡುವುದಿಲ್ಲ. "ಇಲ್ಲ ಭಾವ, ಇದು ಲೆಕ್ಕಕ್ಕೆ ಬರಲ್ಲ," ಎಂದ.

ಅವನ ಪರ ನಿಂತದ್ದು ಅಕ್ಕನೇ. "ಅವನು ಹೇಳೋದು ಸರಿ ಐತೆ ತಮ್ಮ. ಡಬ್ಬಿ ಇದ್ದಾಗ ಏಳಲ್ಲ ಅನ್ನೋದು ಕಾರ್ತೀಕದಿಂದ ಗೊತ್ತೈತೆ. ಇಲ್ದಾಗ ಏಳ್ತೈತಾ ಅಂತ ನೋಡ್ಬೇಕಿತ್ತು. ಅದನ್ನ ನಾವಿನ್ನೂ ನೋಡೇ ಇಲ್ಲ. ಮಗ್ಗದಾಗೆ ಹಾಸಿನ ದಾರ ಹರಿದ್ರೆ ಒಂದೊಂದೇ ಎಳೆ ಹಿಡ್ಕಂಡು ಹೋಗ್ಬೇಕು. ಇದು ಹರಿದೈತೆ ಅನ್ಕಂಡು ಅದನ್ನೂ ಇದನ್ನೂ ಗಂಟು ಹಾಕಿದ್ರೆ ಸೀರೆ ಕೆಡ್ತೈತೆ." ಆಮೇಲೆ ಮೈದುನನ ಕೈಯಲ್ಲಿದ್ದ ಕೀಲಿಯನ್ನು ನೋಡಿದಳು. ಕೇಳಲಿಲ್ಲ.

ಅವನು ಕೀಲಿಯನ್ನು ಬೆರಳಿಗೆ ಹಾಕಿ ಎರಡು ಸಲ ತಿರುಗಿಸಿದ. "ಇನ್ನೊಂದು ತಿಂಗಳು," ಎಂದು ವಾಪಸು ಕೊಟ್ಟ. "ಆದ್ರೆ ಮುಂದಿನ ಸಲ ಯುಗಾದಿ. ಅಮಾವಾಸ್ಯೆ, ಹಬ್ಬ, ವರ್ಷತೊಡಕು ಅಂತ ಇನ್ನೂ ಎರಡು ದಿನ ಜಾಸ್ತಿ ನಿಲ್ತೈತೆ ಗಾಡಿ. ಆಗಲೂ ಏಳ್ಬೇಕು. ಆಗ ನಾನು ಏನೂ ಕೇಳಲ್ಲ, ನೀವೂ ಏನೂ ಹೇಳಂಗಿಲ್ಲ."

"ಆತು."

ಉಳಿದದ್ದು ಅಜ್ಜಿಯನ್ನು ಒಪ್ಪಿಸುವುದು. ಅದಕ್ಕೆ ಟ್ರ್ಯಾಕ್ಟರ್ ಬಂದು ವೈರ್ ಕೊಡುವಷ್ಟು ಹೊತ್ತು ಹಿಡಿಯಿತು. ರಕ್ಷೆ ಬಿಚ್ಚಿ ಗಾಡಿಯನ್ನು ಬರಿಗೈಯಲ್ಲಿ ಕಳಿಸುವುದು ಅವರಿಗೆ ಸುತರಾಂ ಇಷ್ಟವಿರಲಿಲ್ಲ. ಅದು ಗಾಡಿಯ ರಕ್ತ ಕುಡಿಯುತ್ತಿದೆ ಎಂದು ಮೊಮ್ಮಗ ಹೇಳಿದ್ದು ಕೊನೆಗೆ ತಾಗಿತು. ಅವನ ಬಾಯಿಂದ ಆ ಮಾತು ಬಂದದ್ದಕ್ಕೆ ಅಕ್ಕ ಅವನ ಬೆನ್ನಿಗೆ ಒಂದು ಗುದ್ದಿದಳು. "ಪೋನೀಲೇ, ಹೋಗ್ಲಿ ಬಿಡು," ಎಂದು ಅಜ್ಜಿ ಎದ್ದು, ಒಳಗಿನಿಂದ ಕರಿ ನೂಲು ತಂದು ಸ್ಟೇರಿಂಗಿಗೆ ತಾವೇ ಕಟ್ಟಿದರು. "ಇದಾದ್ರೂ ಏನೂ ತಿನ್ನಲ್ಲ ತಾನೇ?" ಎಂದು ಕೇಳಿದರು. ಮೊಮ್ಮಗ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಆ ಮಧ್ಯಾಹ್ನವೇ ದಾವಣಗೆರೆಗೆ ಹೋದ.

ಆಮೇಲೆ ನಾನು ಅವರಿವರನ್ನು ವಿಚಾರಿಸಿದೆ. ತಿಳಿದದ್ದು ಇಷ್ಟು. ಆ ತೂತಿನಲ್ಲಿ ಕೀಲಿ ತೆಗೆದ ಮೇಲೂ ಕರೆಂಟು ಇರುತ್ತದೆ. ನಿಂತ ಕಾರು ತಾನೂ ಸ್ವಲ್ಪ ತಿನ್ನುತ್ತಲೇ ಇರುತ್ತದೆ, ಗಡಿಯಾರಕ್ಕೆ, ಬಾಗಿಲಿನ ಬೀಗಕ್ಕೆ. ಅದರ ಜೊತೆಗೆ ಡಬ್ಬಿಯೂ ಕೂತರೆ ತಿನ್ನುವ ಬಾಯಿ ಒಂದು ಹೆಚ್ಚು. ಎಲ್ಲ ಡಬ್ಬಿಗಳೂ ಒಂದೇ ಅಲ್ಲ. ಕೆಲವು ಗಾಡಿ ನಿಂತೊಡನೆ ತಾವೂ ಮಲಗುತ್ತವಂತೆ. ಈ ಡಬ್ಬಿಗೆ ಸಿಮ್ಮಿತ್ತು, ಅದು ಮಲಗದೆ ದಾವಣಗೆರೆಯ ಜೊತೆ ಹಗಲಿರುಳು ಮಾತಾಡುತ್ತಿತ್ತು. ದಿನಾ ಓಡುವವರಿಗೆ ಇದು ಗೊತ್ತೇ ಆಗುವುದಿಲ್ಲ, ಓಡಿದಷ್ಟೂ ಬ್ಯಾಟರಿ ತುಂಬಿಕೊಳ್ಳುತ್ತದೆ. ಮಗ ಹೇಳಿದ್ದೂ ಸುಳ್ಳಾಗಿರಲಿಲ್ಲ, ಅವನ ಕಾರಿನ ಮಟ್ಟಿಗೆ. ಮೈದುನ ಅಮಾವಾಸ್ಯೆ ಎಂದದ್ದೂ ಪೂರಾ ತಪ್ಪಲ್ಲ. ಕಾರು ಅತಿ ಹೆಚ್ಚು ದಿನ ನಿಂತು ಮೇಲೇಳಬೇಕಾದ ದಿನ ಅದೇ ಆಗಿತ್ತು. ಇನ್ನು ನಗು ಬರುವ ಸಂಗತಿ ಎಂದರೆ, ಬ್ಯಾಟರಿ ಇಳಿಯುತ್ತಿದೆ ಎಂದು ಮಗನಿಗೆ ತಪ್ಪದೆ ವರದಿ ಒಪ್ಪಿಸುತ್ತಿದ್ದದ್ದು ಅದನ್ನು ಇಳಿಸುತ್ತಿದ್ದ ಡಬ್ಬಿಯೇ.

ಇದನ್ನೆಲ್ಲ ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಆಗ್ಲಿ, ಯುಗಾದಿ ಬರಲಿ," ಎಂದಳು. ಆ ತಿಂಗಳು ಅವಳು ಕಾರಿನ ಸುದ್ದಿಯನ್ನೇ ಎತ್ತಲಿಲ್ಲ. ನಾನೂ ಕೇಳಲಿಲ್ಲ. ಅಜ್ಜಿ ಎಂದಿನಂತೆ ಮಧ್ಯಾಹ್ನ ಡ್ರೈವರ್ ಸೀಟಿನಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಾರೆ ಎಂದು ಮಾತ್ರ ತಿಳಿಯಿತು. ಕಾರಿನ ತಂಟೆಗೆ ಹೋಗದಂತೆ ಅವರಿಗೆ ಯಾರೂ ಹೇಳಲಿಲ್ಲವಂತೆ. ಹೇಳಿದರೂ ಅವರು ಬೇರೆ ಕುರ್ಚಿಗೆ ಹೋಗುವವರಲ್ಲ.

ಯುಗಾದಿ ಬಂತು. ಬೇವುಬೆಲ್ಲ ತಿಂದೆವು. ಮಾರನೇ ದಿನ ವರ್ಷತೊಡಕು, ಮೊಳಕಾಲ್ಮೂರಿನಲ್ಲಿ ಅವತ್ತೂ ಮಗ್ಗ ಏಳುವುದಿಲ್ಲ. ಅದರ ಮಾರನೇ ದಿನ ಬೆಳಿಗ್ಗೆ ನಾನು ಫೋನು ಹತ್ತಿರವೇ ಇಟ್ಟುಕೊಂಡು ಕೂತೆ. ಅಲ್ಲಿಗೆ ಹೋಗಬೇಕೆಂದಿದ್ದೆ, ಅಕ್ಕನೇ ಬೇಡ ಅಂದಿದ್ದಳು. ತಿಂಡಿ ಆಯಿತು, ಬಿಸಿಲು ಏರಿತು. ಫೋನು ಬರಲಿಲ್ಲ. ಮೈದುನನಿಗೆ ಮಾಡೋಣವೆಂದುಕೊಂಡು ಎರಡು ಸಲ ಕೈಗೆತ್ತಿಕೊಂಡು ಇಟ್ಟೆ. ಅಕ್ಕ ಸೋತಿದ್ದರೆ ಅದನ್ನು ಅವನ ಬಾಯಿಂದ ಕೇಳುವುದು ಬೇಡ ಎನಿಸಿತು.

ಹತ್ತು ಹನ್ನೊಂದರ ಹೊತ್ತಿಗೆ ಫೋನು ಬಂತು. ಗಾಳಿಯ ಸದ್ದು, ಹಿಂದೆ ಮಗ್ಗದ ಟಕಟಕ, ಯಾರೋ ಹೆಂಗಸರು ನಗುವುದು ಕೇಳಿಸಿತು.

"ತಮ್ಮ, ಇಲ್ಲಿ ಎರಡು ಊರು ಮುಗೀತು. ಹಬ್ಬಕ್ಕೆ ಅಂತ ಎಲ್ಲ ಸೀರೆ ಮೊದಲೇ ಮುಗಿಸಿಟ್ಟಾರೆ, ಇನ್ನೆರಡು ಮೂರು ದಿನಕ್ಕೆ ನಿಮ್ಮ ಕಡೆ ಬಂದ್ಬಿಡ್ತೀನಿ. ಮನೇಲಿ ಮುದ್ದೆ ಮಾಡ್ಸಿರು, ಬಸ್ಸಾರಿದ್ರೆ ಸಾಕು."

"ಏಳ್ತಾ?" ಎಂದೆ.

"ಏನು?"

"ಕಾರು."

"ಎದ್ದಿಲ್ದೆ ನಡ್ಕಂಡು ಬಂದೀನಾ ಇಲ್ಲೀವರೆಗೂ? ಇಡ್ತೀನಿ, ಇವರು ಕಾಫಿ ತಂದ್ರು."

ಮೂರನೇ ದಿನ ಮಧ್ಯಾಹ್ನ ಬಂದಳು. ಕಾರನ್ನು ನಮ್ಮ ಮನೆಯ ಮುಂದಿನ ಕಿರಿದಾದ ಜಾಗದಲ್ಲಿ ಎರಡು ಸಲ ಹಿಂದೆ ಮುಂದೆ ಮಾಡಿ ನಿಲ್ಲಿಸಿದಳು. ಮುದ್ದೆ ಉಂಡು, ಅಂಗಡಿಗೆ ಸೀರೆ ಮುಟ್ಟಿಸಿ, ಹೊತ್ತು ಇಳಿಯುವ ಮೊದಲೇ ತಳಕಿನ ದಾರಿ ಹಿಡಿದು ಊರಿಗೆ ಹೋದಳು.